ಅವಿಭಾಜ್ಯ ಅಪವರ್ತನದ ಪ್ರೋಗ್ರಾಂ ದೊಡ್ಡ ಸಂಖ್ಯೆ ಬಂದಾಗ ಏಕೆ ನಿಂತುಬಿಡುತ್ತದೆ?

ಪ್ರಶ್ನೆ: ಸರ್, ನಾನು ಬಿ.ಸಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಗಣಿತ-ಪ್ರೋಗ್ರಾಮಿಂಗ್ ಸಮಸ್ಯೆಗಳ ಜಾಲತಾಣ ಪ್ರಾಜೆಕ್ಟ್ ಆಯ್ಲರ್‌ನ ಮೂರನೇ ಸಮಸ್ಯೆ ಬಿಡಿಸಲು ಕೂತಿದ್ದೇನೆ: 600851475143 ಎಂಬ ಸಂಖ್ಯೆಯ ಅತಿ ದೊಡ್ಡ ಪ್ರೈಮ್ ಫ್ಯಾಕ್ಟರ್ ಯಾವುದು? 2ರಿಂದ ಆ ಸಂಖ್ಯೆಯವರೆಗೆ ಒಂದೊಂದನ್ನೇ ತೆಗೆದುಕೊಂಡು, ಅದು ಪ್ರೈಮ್ ಹೌದೋ ಅಲ್ಲವೋ ಎಂದು ಒಂದು ಫಂಕ್ಷನ್‌ನಲ್ಲಿ ನೋಡಿ, ಹೌದಾದರೆ ಭಾಗ ಹೋಗುತ್ತದೆಯೇ ಎಂದು ನೋಡುವಂತೆ ಪೈಥಾನ್‌ನಲ್ಲಿ ಬರೆದಿದ್ದೇನೆ. ಉದಾಹರಣೆಗೆ ಕೊಟ್ಟ 13195ಕ್ಕೆ 29 ಎಂದು ಸರಿಯಾಗಿ ಬರುತ್ತದೆ. ದೊಡ್ಡ ಸಂಖ್ಯೆ ಕೊಟ್ಟು ರಾತ್ರಿ ಮಲಗಿದರೆ ಬೆಳಿಗ್ಗೆಯೂ ಓಡುತ್ತಲೇ ಇತ್ತು. ಸಿ ಭಾಷೆಯಲ್ಲಿ ಬರೆದರೆ ಬೇಗ ಆಗುತ್ತದೆ ಎಂದು ಗೆಳೆಯ ಹೇಳಿದ. ಸಿ-ಯಲ್ಲಿ ತಕ್ಷಣ ಉತ್ತರ ಬಂತು, ಆದರೆ 0 ಎಂದು. ಇನ್ನೊಬ್ಬರು ವರ್ಗಮೂಲದವರೆಗೆ ನೋಡಿದರೆ ಸಾಕು ಅಂದರು. ಹಾಗೆ ಮಾಡಿದರೆ ಈ ಸಂಖ್ಯೆಗೆ ಉತ್ತರ ಸರಿ ಬರುತ್ತದೆ, 14ಕ್ಕೆ ಮಾತ್ರ 7ರ ಬದಲು 2 ಬರುತ್ತದೆ. ಪ್ರೈಮ್‌ಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕೇ? ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಅಪವರ್ತನ ಕಷ್ಟ ಎಂಬುದರ ಮೇಲೆ ಅಂತ ನಮ್ಮ ಪುಸ್ತಕದಲ್ಲಿದೆ. ಹಾಗಾದರೆ ಇದು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಆಗದ ಕೆಲಸವೇ?

ಉತ್ತರ: ಆಗುತ್ತದೆ. ಪೈಥಾನ್‌ನಲ್ಲೇ, ಎಂಟು ಸಾಲಿನ ಕೋಡ್‌ನಲ್ಲಿ, ಎಂಟರ್ ಒತ್ತಿದ ಕೂಡಲೇ ಆಗುತ್ತದೆ. ಭಾಷೆ ಬದಲಿಸಬೇಕಿಲ್ಲ, ಪ್ರೈಮ್‌ಗಳ ಪಟ್ಟಿ ಬೇಕಿಲ್ಲ, ಪ್ರೈಮ್ ಹೌದೇ ಎಂದು ನೋಡುವ ಆ ಫಂಕ್ಷನ್ ಕೂಡ ಬೇಕಿಲ್ಲ. ನಿಮ್ಮ ಕೋಡ್‌ನಲ್ಲಿ ಇಲ್ಲದಿರುವುದು ಒಂದೇ: ಭಾಗ ಹೋದಾಗ ನೀವು ಸಂಖ್ಯೆಯನ್ನು ಭಾಗಿಸಿ ಚಿಕ್ಕದು ಮಾಡುತ್ತಿಲ್ಲ.

ಶಾಲೆಯಲ್ಲಿ 360ರ ಅವಿಭಾಜ್ಯ ಅಪವರ್ತನಗಳನ್ನು ಹೇಗೆ ಬರೆಯುತ್ತಿದ್ದೆವು ನೆನಪಿಸಿಕೊಳ್ಳಿ. ಎಡಗಡೆ 2, ಕೆಳಗೆ 180. ಮತ್ತೆ 2, ಕೆಳಗೆ 90. ಮತ್ತೆ 2, 45. ಈಗ 2 ಹೋಗುವುದಿಲ್ಲ, 3ಕ್ಕೆ ಬನ್ನಿ: 15. ಇನ್ನೊಮ್ಮೆ 3: 5. ಉಳಿದ 5 ತಾನೇ ಅವಿಭಾಜ್ಯ. 180 ಬಂದ ಮೇಲೆ ಯಾರೂ 360ರ ಕಡೆ ತಿರುಗಿ ನೋಡುವುದಿಲ್ಲ. ನಿಮ್ಮ ಪ್ರೋಗ್ರಾಂ ಮಾತ್ರ ಪ್ರತಿ ಬಾರಿಯೂ ಮೂಲ ಸಂಖ್ಯೆಯನ್ನೇ ಭಾಗಿಸಿ ನೋಡುತ್ತಿದೆ, ಕೊನೆಯ ಗಡಿಯೂ ಮೂಲ ಸಂಖ್ಯೆಯೇ. 600851475143 ಅಂದರೆ 60,085 ಕೋಟಿಯ ಮೇಲೆ. ಪೈಥಾನ್‌ನ ಸಾದಾ ಲೂಪ್ ಸೆಕೆಂಡಿಗೆ ಒಂದು ಕೋಟಿ ಸುತ್ತು ಹೊಡೆಯುತ್ತದೆ ಎಂದು ಉದಾರವಾಗಿ ಲೆಕ್ಕ ಹಿಡಿದರೂ 60,000 ಸೆಕೆಂಡು ಬೇಕು, ಹದಿನಾರು ಗಂಟೆಗಿಂತ ಹೆಚ್ಚು. ಅದೂ ಬರೀ ಲೂಪ್‌ಗೆ. ಪ್ರತಿ ಸುತ್ತಿನಲ್ಲೂ ಪ್ರೈಮ್ ಪರೀಕ್ಷೆಯ ಫಂಕ್ಷನ್ ಮೊದಲು ಓಡುತ್ತಿರುವುದರಿಂದ ನಿಮ್ಮದು ಅದರ ಎಷ್ಟೋ ಪಟ್ಟು. ಬೆಳಿಗ್ಗೆಯೂ ಓಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆ ಶಾಲೆಯ ಪದ್ಧತಿಯನ್ನೇ ಕೋಡ್‌ನ ರೂಪಕ್ಕೆ ತಂದರೆ ಹೀಗಾಗುತ್ತದೆ. ಯಾವ ಭಾಷೆಗೆ ಬೇಕಾದರೂ ಇಳಿಸಿಕೊಳ್ಳಬಹುದು (% ಎಂದರೆ ಭಾಗಿಸಿದಾಗ ಉಳಿಯುವ ಶೇಷ, // ಎಂದರೆ ಶೇಷ ಬಿಟ್ಟ ಭಾಗಲಬ್ಧ):

ಪಟ್ಟಿ = ಖಾಲಿ
ಭಾಜಕ = 2
ಭಾಜಕ * ಭಾಜಕ <= ಸಂಖ್ಯೆ ಇರುವ ತನಕ:
    ಸಂಖ್ಯೆ % ಭಾಜಕ == 0 ಇರುವ ತನಕ:
        ಪಟ್ಟಿಗೆ ಭಾಜಕ ಸೇರಿಸು
        ಸಂಖ್ಯೆ = ಸಂಖ್ಯೆ // ಭಾಜಕ
    ಭಾಜಕ = ಭಾಜಕ + 1
ಸಂಖ್ಯೆ > 1 ಆಗಿದ್ದರೆ: ಪಟ್ಟಿಗೆ ಸಂಖ್ಯೆ ಸೇರಿಸು

ನಿಮ್ಮ ಸಂಖ್ಯೆಯನ್ನು ಇದರೊಳಗೆ ಹಾಕಿ ನಡೆಸಿ ನೋಡೋಣ. 2ರಿಂದ 70ರವರೆಗೆ ಯಾವುದೂ ಹೋಗುವುದಿಲ್ಲ. 71 ಹೋಗುತ್ತದೆ, ಸಂಖ್ಯೆ ಒಮ್ಮೆಲೇ 8462696833ಕ್ಕೆ ಇಳಿಯುತ್ತದೆ. ಮುಂದೆ 839 ಹೋಗುತ್ತದೆ, ಉಳಿಯುವುದು 10086647. 1471 ಹೋಗುತ್ತದೆ, ಉಳಿಯುವುದು 6857. ಈಗ ಭಾಜಕ 1472. ಅದರ ವರ್ಗ ಇಪ್ಪತ್ತೊಂದು ಲಕ್ಷ ದಾಟಿದೆ, 6857ಕ್ಕಿಂತ ಎಷ್ಟೋ ದೊಡ್ಡದು. ಲೂಪ್ ನಿಂತಿತು. ಉಳಿದ 6857 ಪಟ್ಟಿಗೆ ಸೇರಿತು, ಅದೇ ಉತ್ತರ. ಅರವತ್ತು ಸಾವಿರ ಕೋಟಿ ಸುತ್ತು ಬೇಕಿದ್ದಲ್ಲಿ ಭಾಜಕ ಒಂದೂವರೆ ಸಾವಿರವನ್ನೂ ಮುಟ್ಟಲಿಲ್ಲ.

ಈ ಕೋಡ್ ನೋಡಿದವರಿಗೆ ಎರಡು ಸಂಶಯ ಬರುವುದು ಸಹಜ, ಎರಡನ್ನೂ ಬಿಡಿಸಿಕೊಂಡೇ ಮುಂದೆ ಹೋಗಬೇಕು. ಬಾಯಿಪಾಠ ಮಾಡಿದ ಕೋಡ್ ಪರೀಕ್ಷೆಯಲ್ಲಿ ಒಂದು ಅಕ್ಷರ ಮರೆತರೂ ಕೈಕೊಡುತ್ತದೆ.

ಮೊದಲನೆಯ ಸಂಶಯ: ಭಾಜಕ 4, 6, 9 ಅಂತ ಎಲ್ಲ ಸಂಖ್ಯೆಗಳ ಮೇಲೂ ಹೋಗುತ್ತಿದೆಯಲ್ಲ, ಅವಿಭಾಜ್ಯವಲ್ಲದ್ದು ಪಟ್ಟಿಗೆ ಸೇರಿಬಿಡುವುದಿಲ್ಲವೇ? ಸೇರುವುದಿಲ್ಲ. ಭಾಜಕ 6ಕ್ಕೆ ಬರುವ ಹೊತ್ತಿಗೆ ಸಂಖ್ಯೆಯೊಳಗಿದ್ದ ಎಲ್ಲ 2ಗಳನ್ನೂ ಎಲ್ಲ 3ಗಳನ್ನೂ ತೆಗೆದಾಗಿದೆ. 2ರಿಂದ ಭಾಗವಾಗದ ಸಂಖ್ಯೆ 6ರಿಂದ ಹೇಗೆ ಭಾಗವಾದೀತು? ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತಾ, ಹೋದಷ್ಟು ಸಲವೂ ಭಾಗಿಸುತ್ತಾ ಬಂದರೆ ಮುಂದೆ ಯಾವಾಗ ಶೇಷ 0 ಬಂದರೂ ಆ ಭಾಜಕ ಅವಿಭಾಜ್ಯವೇ ಆಗಿರುತ್ತದೆ. 1ನ್ನು ಬಿಟ್ಟರೆ ಯಾವ ಸಂಖ್ಯೆಯ ಅತಿ ಚಿಕ್ಕ ಭಾಜಕವೂ ಅವಿಭಾಜ್ಯ ಎಂಬುದೇ ಇದರ ತಿರುಳು. ಹೀಗಾಗಿ ನಿಮ್ಮ ಪ್ರೈಮ್ ಪರೀಕ್ಷೆಯ ಫಂಕ್ಷನ್ ಪೂರ್ತಿ ಅನಾವಶ್ಯಕ. 4, 6, 9ರ ಮೇಲೆ ಹೋಗುವುದು ವ್ಯರ್ಥ ಶ್ರಮ ನಿಜ, ತಪ್ಪಲ್ಲ.

ಎರಡನೆಯದು ವರ್ಗಮೂಲದ ವಿಚಾರ. ನಿಮಗೆ ಸಲಹೆ ಕೊಟ್ಟವರು ಅರ್ಧ ಹೇಳಿದ್ದಾರೆ. ಒಂದು ಸಂಖ್ಯೆಯ ಎಲ್ಲ ಅವಿಭಾಜ್ಯ ಅಪವರ್ತನಗಳೂ ಅದರ ವರ್ಗಮೂಲದೊಳಗೇ ಇರುತ್ತವೆ ಎಂಬುದು ತುಂಬ ಹರಡಿರುವ ತಪ್ಪು ನಂಬಿಕೆ. 14ರ ವರ್ಗಮೂಲ 3.7 ಚಿಲ್ಲರೆ, 7 ಅದರ ಆಚೆ ಇದೆ. ಸರಿಯಾದ ಮಾತು ಇದು: ವರ್ಗಮೂಲಕ್ಕಿಂತ ದೊಡ್ಡದಾದ ಅವಿಭಾಜ್ಯ ಅಪವರ್ತನ ಹೆಚ್ಚೆಂದರೆ ಒಂದು ಇರಬಹುದು. ಎರಡಿದ್ದರೆ ಅವುಗಳ ಗುಣಲಬ್ಧವೇ ಸಂಖ್ಯೆಯನ್ನು ಮೀರುತ್ತದೆ. ಇರಬಹುದಾದ ಆ ಒಂದನ್ನು ಹುಡುಕಲು ಹೋಗಬೇಕಾಗಿಲ್ಲ. ಚಿಕ್ಕವನ್ನೆಲ್ಲ ಭಾಗಿಸಿ ತೆಗೆದ ಮೇಲೆ ತಾನಾಗಿ ಉಳಿಯುವುದೇ ಅದು. ಕೋಡ್‌ನ ಕೊನೆಯ ಸಾಲು ಇರುವುದು ಅದಕ್ಕೇ. 600851475143ರ ವರ್ಗಮೂಲ ಸುಮಾರು 775146. ಅದರ ನಾಲ್ಕೂ ಅಪವರ್ತನಗಳು, 71, 839, 1471, 6857, ಅದರೊಳಗೇ ಇವೆ. ಹಾಗಾಗಿ ನಿಮ್ಮ ತಪ್ಪು ಕೋಡ್ ಈ ಒಂದು ಸಂಖ್ಯೆಗೆ ಸರಿ ಉತ್ತರ ಕೊಟ್ಟಿತು. ಇಂಥ ಅದೃಷ್ಟದ ಉತ್ತರ ಅಪಾಯಕಾರಿ. 14ರಲ್ಲಿ ಪರೀಕ್ಷಿಸಿ ನೋಡಿದಿರಲ್ಲ, ಆ ಅಭ್ಯಾಸ ಬಿಡಬೇಡಿ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಗಡಿಯನ್ನು ಮೂಲ ಸಂಖ್ಯೆಯ ವರ್ಗಮೂಲವೆಂದು ಲೂಪ್‌ನ ಹೊರಗೆ ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೂ ಉತ್ತರ ಸರಿಯೇ ಬರುತ್ತದೆ, ಆದರೆ ಏಳೂಮುಕ್ಕಾಲು ಲಕ್ಷ ಸುತ್ತು ಪೂರ್ತಿ ಓಡುತ್ತದೆ. ಗಡಿ ಉಳಿದ ಸಂಖ್ಯೆಯ ಜೊತೆಗೇ ಕೆಳಗಿಳಿಯಬೇಕು. ಉಳಿದ ಸಂಖ್ಯೆಯಲ್ಲಿ ಭಾಜಕಕ್ಕಿಂತ ಚಿಕ್ಕ ಅಪವರ್ತನ ಯಾವುದೂ ಇಲ್ಲ. ಅದು ಇನ್ನೂ ಎರಡು ಸಂಖ್ಯೆಗಳಾಗಿ ಒಡೆಯುವುದಾದರೆ ಆ ಎರಡೂ ಕನಿಷ್ಠ ಭಾಜಕದಷ್ಟಿರಬೇಕು, ಗುಣಲಬ್ಧ ಕನಿಷ್ಠ ಭಾಜಕದ ವರ್ಗದಷ್ಟಿರಬೇಕು. ವರ್ಗವೇ ಸಂಖ್ಯೆಯನ್ನು ಮೀರಿದ ಮೇಲೆ ಒಡೆಯಲು ಏನೂ ಉಳಿದಿಲ್ಲ. ಈ ಒಂದು ವಾಕ್ಯ ಅರ್ಥವಾದರೆ ಇಡೀ ಕೋಡ್ ಅರ್ಥವಾದಂತೆ.

ಈಗ ಪ್ರೈಮ್‌ಗಳ ಪಟ್ಟಿ. "ಮೊದಲು ಎರಾಟೋಸ್ತನೀಸ್‌ನ ಜರಡಿ ಹಾಕಿ ಎಲ್ಲ ಪ್ರೈಮ್‌ಗಳನ್ನೂ ತೆಗೆದಿಟ್ಟುಕೋ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಜರಡಿ ಎಂದರೆ ಪ್ರತಿ ಪ್ರೈಮ್‌ನ ಗುಣಕಗಳನ್ನು ಹೊಡೆದುಹಾಕುತ್ತಾ ಹೋಗಿ ಪ್ರೈಮ್‌ಗಳನ್ನು ಮಾತ್ರ ಉಳಿಸುವ ವಿಧಾನ. ಎಲ್ಲಿಯವರೆಗೆ ಎಂದು ಕೇಳಿ. 600851475143ರವರೆಗೆ ಎಂದಾದರೆ, ಒಂದು ಸಂಖ್ಯೆಗೆ ಒಂದು ಬೈಟ್‌ನಂತೆ 600 ಜಿಬಿ ಮೆಮೊರಿ ಬೇಕು. ಒಂದು ಬಿಟ್‌ನಂತೆ ಬಿಗಿಯಾಗಿ ತುಂಬಿದರೂ 75 ಜಿಬಿ. ವರ್ಗಮೂಲದವರೆಗೆ ಎಂದಾದರೆ ಏಳೂಮುಕ್ಕಾಲು ಲಕ್ಷದ ಜರಡಿ, ಅದು ಸುಲಭ. ಆದರೆ ಒಂದೇ ಒಂದು ಸಂಖ್ಯೆಯನ್ನು ಒಡೆಯುವುದಿದ್ದರೆ ಜರಡಿ ಹಾಕುವ ಖರ್ಚೇ ನೇರವಾಗಿ ಭಾಗಿಸುವ ಖರ್ಚಿಗಿಂತ ಹೆಚ್ಚಾಗುತ್ತದೆ. ಜರಡಿಗೆ ಅದರದೇ ಜಾಗವಿದೆ, ಮುಂದೆ ಹೇಳುತ್ತೇನೆ.

ಸಿ-ಯಲ್ಲಿ 0 ಬಂದದ್ದೇಕೆ

ಇಲ್ಲಿ ಗಣಿತದ ತಪ್ಪಿಲ್ಲ, ಪಾತ್ರೆ ಚಿಕ್ಕದಾಯಿತು. ಸಾಮಾನ್ಯ ಕಂಪೈಲರ್‌ಗಳಲ್ಲಿ ಇಂಟ್ ಎಂದರೆ 32 ಬಿಟ್, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ನಿಮ್ಮ ಸಂಖ್ಯೆ ಅದರ ಸುಮಾರು 280 ಪಟ್ಟು. ಮೇಲಿನ ಬಿಟ್‌ಗಳೆಲ್ಲ ಕತ್ತರಿಸಿ ಹೋಗಿ ಒಳಗೆ ಉಳಿಯುವುದು -443946297. ಋಣಸಂಖ್ಯೆಯಾದ್ದರಿಂದ "2ರಿಂದ ಸಂಖ್ಯೆಯವರೆಗೆ" ಎಂಬ ಲೂಪ್ ಒಂದು ಸುತ್ತೂ ಓಡದೆ, ಮೊದಲು ಇಟ್ಟಿದ್ದ 0 ಹಾಗೆಯೇ ಹೊರಬಂತು. ಕಂಪೈಲರ್ ಈ ಬಗ್ಗೆ ಎಚ್ಚರಿಕೆ ಕೊಟ್ಟಿರುತ್ತದೆ, ಪ್ರೋಗ್ರಾಂ ಓಡಿತಲ್ಲ ಎಂದು ಅದನ್ನು ಬಿಟ್ಟುಬಿಡುತ್ತೇವೆ. ದಯವಿಟ್ಟು ಎಚ್ಚರಿಕೆಗಳನ್ನು ಓದಿ. ಜಾವಾ ಇದರಲ್ಲಿ ಕಟ್ಟುನಿಟ್ಟು: ಸಂಖ್ಯೆಯ ಕೊನೆಗೆ ಎಲ್ ಅಕ್ಷರ ಹಾಕದಿದ್ದರೆ ಕಂಪೈಲ್ ಮಾಡುವುದೇ ಇಲ್ಲ.

ಸಿ, ಸಿ++ನಲ್ಲಿ ಸಂಖ್ಯೆಯನ್ನು ಲಾಂಗ್ ಲಾಂಗ್ ಮಾಡಿಕೊಳ್ಳಿ. ಅಷ್ಟಕ್ಕೇ ನಿಲ್ಲಿಸಬೇಡಿ, ಭಾಜಕವನ್ನೂ ಲಾಂಗ್ ಲಾಂಗ್ ಮಾಡಿ. ಬಹಳ ಜನ ಎಡವುವುದು ಇಲ್ಲಿಯೇ. ಭಾಜಕ ಇಂಟ್ ಆಗಿಯೇ ಉಳಿದರೆ "ಭಾಜಕ * ಭಾಜಕ" ಎಂಬ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ. 46340ರವರೆಗೆ ಸರಿ, 46341ರ ವರ್ಗ 2147488281, ಅದು ಗಡಿ ದಾಟಿತು. ಆ ಮೇಲೆ ಏನಾದೀತು ಎಂದು ಭಾಷೆಯ ನಿಯಮವೇ ಭರವಸೆ ಕೊಡುವುದಿಲ್ಲ. ನಿಮ್ಮ ಸಂಖ್ಯೆಗೆ ಭಾಜಕ 1472ರಲ್ಲೇ ನಿಲ್ಲುವುದರಿಂದ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ. 999999999989 ಕೊಟ್ಟು ನೋಡಿ, ಆಗ ಕಾಣುತ್ತದೆ. ಅದು ಒಂದು ಲಕ್ಷ ಕೋಟಿಗಿಂತ ಕೆಳಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಗುಣಾಕಾರದ ಬದಲು "ಭಾಜಕ <= ಸಂಖ್ಯೆ / ಭಾಜಕ" ಎಂದು ಬರೆದರೆ ಗಡಿ ದಾಟುವ ಪ್ರಶ್ನೆಯೇ ಇಲ್ಲ.

ಪೈಥಾನ್‌ನಲ್ಲಿ ಪೂರ್ಣಾಂಕಗಳಿಗೆ ಮಿತಿಯಿಲ್ಲ, ಆದರೂ ಒಂದು ಹೊಂಡ ಇದೆ. ಭಾಗಿಸುವಾಗ ಒಂದೇ ಓರೆಗೆರೆ ಹಾಕಿದರೆ ಪೈಥಾನ್ 3ರಲ್ಲಿ ಉತ್ತರ ದಶಮಾಂಶದ ಫ್ಲೋಟ್ ಆಗುತ್ತದೆ. ನಿಮ್ಮ ಸಂಖ್ಯೆಗೆ 6857.0 ಎಂದು ಬಂದೀತು, ಹಾನಿಯಿಲ್ಲ ಅನ್ನಿಸೀತು. ಫ್ಲೋಟ್ ಎಲ್ಲ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿಯುವುದು 9007199254740992ರವರೆಗೆ ಮಾತ್ರ. 999999999999999989 ಅವಿಭಾಜ್ಯ ಸಂಖ್ಯೆ. ಅದನ್ನು ಫ್ಲೋಟ್ ಮಾಡಿದೊಡನೆ ಅದು ಸರಿಯಾಗಿ 10^18 ಆಗಿಬಿಡುತ್ತದೆ, ಅಂದರೆ ಬರೀ 2 ಮತ್ತು 5ರಿಂದಾದ ಸಂಖ್ಯೆ. ಪ್ರೋಗ್ರಾಂ ತೊದಲದೆ, ತಡವರಿಸದೆ ತಪ್ಪು ಉತ್ತರ ಕೊಡುತ್ತದೆ. ಎರಡು ಓರೆಗೆರೆಯ ಭಾಗಾಕಾರವನ್ನೇ ಬಳಸಿ. ವರ್ಗಮೂಲ ಬೇಕೇಬೇಕಾದರೆ ಮ್ಯಾಥ್ ಮಾಡ್ಯೂಲ್‌ನ ಐಸ್ಕ್ವೇರ್‌ರೂಟ್ (isqrt) ಫಂಕ್ಷನ್ ಇದೆ, ಪೈಥಾನ್ 3.8ರಿಂದ ಸಿಗುತ್ತದೆ, ಪೂರ್ಣಾಂಕದಲ್ಲೇ ಲೆಕ್ಕ ಹಾಕುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಗಳೆಲ್ಲವೂ ಫ್ಲೋಟ್‌ಗಳೇ, ಅಲ್ಲಿ ದೊಡ್ಡದಕ್ಕೆ ಬಿಗ್‌ಇಂಟ್ ಬೇಕು.

ಇದೇ ಕೆಲಸವನ್ನು ರಿಕರ್ಷನ್‌ನಲ್ಲಿ, ಭಾಜಕ ಒಂದೊಂದು ಹೆಚ್ಚಿದಾಗಲೂ ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವಂತೆ ಬರೆಯುವವರಿದ್ದಾರೆ. ನೋಡಲು ಚೆನ್ನ. ಪೈಥಾನ್‌ನ ರಿಕರ್ಷನ್ ಮಿತಿ ಸಾಮಾನ್ಯವಾಗಿ 1000. ನಿಮ್ಮ ಸಂಖ್ಯೆ 839ನ್ನು ದಾಟಿ 1471 ತಲುಪುವ ಮೊದಲೇ ದೋಷ ತೋರಿಸಿ ನಿಲ್ಲುತ್ತದೆ. ಇಲ್ಲಿ ಲೂಪ್ ವಾಸಿ.

ಭಾಷೆ ಬದಲಿಸಿದರೆ ವೇಗ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ, ಹತ್ತಾರು ಪಟ್ಟು. ನಿಮ್ಮ ಮೂಲ ಲೂಪ್‌ನಲ್ಲಿ ಪ್ರೈಮ್ ಪರೀಕ್ಷೆ ತೆಗೆದು ಸಿ-ಯಲ್ಲಿ ಸರಿಯಾಗಿ ಬರೆದಿದ್ದರೂ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತಿತ್ತು. ಸಂಖ್ಯೆಯನ್ನು ಕುಗ್ಗಿಸುವ ವಿಧಾನ ಅದೇ ಕೆಲಸವನ್ನು ಕೋಟಿಗಟ್ಟಲೆ ಪಟ್ಟು ಕಡಿಮೆ ಮಾಡಿತು. ಮೊದಲು ವಿಧಾನ ಸರಿಪಡಿಸಿಕೊಳ್ಳಿ, ಆಮೇಲೂ ಸಾಲದಿದ್ದರೆ ಭಾಷೆಯ ಕಡೆ ನೋಡಿ.

ಈ ವಿಧಾನ ಎಲ್ಲಿಯವರೆಗೆ ಸಾಕು

ಭಾಗಿಸುತ್ತಾ ಹೋಗುವ ಈ ವಿಧಾನಕ್ಕೆ ಎಷ್ಟು ಹೊತ್ತು ಬೇಕೆಂಬುದು ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂಬುದರಿಂದಷ್ಟೇ ನಿರ್ಧಾರವಾಗುವುದಿಲ್ಲ. ಎರಡನೇ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಮತ್ತು ಅತಿ ದೊಡ್ಡದರ ವರ್ಗಮೂಲ, ಇವೆರಡರಲ್ಲಿ ಯಾವುದು ಹೆಚ್ಚೋ ಭಾಜಕ ಅಲ್ಲಿಯವರೆಗೆ ಹೋಗುತ್ತದೆ. ನಿಮ್ಮ ಸಂಖ್ಯೆಗೆ ಅದು 1471. ಅಷ್ಟೇ ಅಂಕಿಗಳಿರುವ 999999999989 ಅವಿಭಾಜ್ಯವಾದ್ದರಿಂದ ಭಾಜಕ ಹತ್ತು ಲಕ್ಷದ ಹತ್ತಿರ ಹೋಗಬೇಕು. ಪ್ರೋಗ್ರಾಂನ ವೇಗ ಅಳೆಯುವಾಗ ಯಾವತ್ತೂ ಈ ಎರಡನೆಯ ಬಗೆಯ ಸಂಖ್ಯೆಯನ್ನೇ ಕೊಟ್ಟು ಅಳೆಯಿರಿ. ಸ್ಪರ್ಧೆಗಳಲ್ಲಿ ಪ್ರಶ್ನೆ ಹಾಕುವವರೂ ಅದನ್ನೇ ಕೊಡುತ್ತಾರೆ.

10^12ರವರೆಗೆ ಒಂದು ಸಂಖ್ಯೆಗೆ ಹೆಚ್ಚೆಂದರೆ ಹತ್ತು ಲಕ್ಷ ಸುತ್ತು. ಪೈಥಾನ್‌ನಲ್ಲೂ ಸೆಕೆಂಡಿನ ಒಳಗೆ. 10^18ರ ಹತ್ತಿರದ ಅವಿಭಾಜ್ಯ ಸಂಖ್ಯೆಗೆ ನೂರು ಕೋಟಿ ಸುತ್ತು. ಸಿ++ನಲ್ಲಿ ಕೆಲವು ಸೆಕೆಂಡು, ಪೈಥಾನ್‌ನಲ್ಲಿ ನಿಮಿಷಗಳು. ಒಂದೆರಡು ಸೆಕೆಂಡಿನ ಮಿತಿ ಇರುವ ಸ್ಪರ್ಧೆಗೆ ಇದು ಸಾಲದು.

ಮೊದಲ ಹೆಜ್ಜೆಯಾಗಿ ವ್ಯರ್ಥ ಸುತ್ತು ಉಳಿಸಬಹುದು. 2ನ್ನು ಬೇರೆಯಾಗಿ ತೆಗೆದು ಬೆಸ ಸಂಖ್ಯೆಗಳ ಮೇಲೆ ಮಾತ್ರ ಹೋದರೆ ಕೆಲಸ ಅರ್ಧ. 2 ಮತ್ತು 3 ಎರಡನ್ನೂ ತೆಗೆದು, 5ರಿಂದ ಶುರು ಮಾಡಿ ಒಮ್ಮೆ 2, ಒಮ್ಮೆ 4 ಕೂಡಿಸುತ್ತಾ ಹೋದರೆ (5, 7, 11, 13, 17, 19, 23, 25...) ಕೆಲಸ ಮೂರನೇ ಒಂದು. ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯ ಎಂದು ಕೆಲವರು ನಂಬಿಬಿಡುತ್ತಾರೆ. 25, 35, 49 ಇವೆಯಲ್ಲ. ಅವು ಇದ್ದರೂ ತೊಂದರೆಯಿಲ್ಲ, ಕಾರಣ ಮೇಲೆ ಹೇಳಿದ್ದೇ. ಆದರೆ ಮೂರು ಪಟ್ಟು ವೇಗ 10^18ರ ಸಮಸ್ಯೆಯನ್ನು ಬಗೆಹರಿಸುವುದಿಲ್ಲ. 5, 7ರ ಗುಣಕಗಳನ್ನೂ ಹೀಗೆ ಬಿಟ್ಟುಹೋಗುವ ಇನ್ನೂ ದೊಡ್ಡ ಚಕ್ರಗಳನ್ನು ಕಟ್ಟುವುದು ನನ್ನ ದೃಷ್ಟಿಯಲ್ಲಿ ಶ್ರಮಕ್ಕೆ ತಕ್ಕ ಫಲವಲ್ಲ. ಕೋಡ್ ಗೋಜಲಾಗುತ್ತದೆ, ಲಾಭ ಚೂರುಪಾರು.

ಒಂದೇ ಸಂಖ್ಯೆಯ ಬದಲು ಲಕ್ಷಗಟ್ಟಲೆ ಸಂಖ್ಯೆಗಳನ್ನು ಒಡೆಯಬೇಕಾದಾಗ ಜರಡಿಗೆ ಅದರ ಜಾಗ ಸಿಗುತ್ತದೆ. ಸಂಖ್ಯೆಗಳೆಲ್ಲ ಒಂದು ಕೋಟಿಯೊಳಗೆ ಇದ್ದರೆ, ಪ್ರತಿಯೊಂದು ಸಂಖ್ಯೆಗೂ ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಯಾವುದೆಂದು ಒಂದು ಅರೇಯಲ್ಲಿ ಬರೆದಿಟ್ಟುಕೊಳ್ಳಿ. 2ರಿಂದ ಹಿಡಿದು ಪ್ರತಿ ಅವಿಭಾಜ್ಯಕ್ಕೂ ಅದರ ವರ್ಗದಿಂದ ಶುರು ಮಾಡಿ ಅದರ ಗುಣಕಗಳ ಮೇಲೆ ಹೋಗಿ, ಖಾಲಿ ಇರುವ ಜಾಗದಲ್ಲಿ ಮಾತ್ರ ಅದನ್ನು ಬರೆಯಬೇಕು. ಈಗಾಗಲೇ ತುಂಬಿರುವ ಜಾಗದ ಮೇಲೆ ಬರೆದರೆ ಚಿಕ್ಕದು ಅಳಿಸಿ ದೊಡ್ಡದು ಕೂರುತ್ತದೆ. ಕೊನೆಗೂ ಖಾಲಿ ಉಳಿದವು ಅವಿಭಾಜ್ಯಗಳೇ, ಅಲ್ಲಿ ಆ ಸಂಖ್ಯೆಯನ್ನೇ ಬರೆಯಿರಿ. ಆಮೇಲೆ ಯಾವ ಸಂಖ್ಯೆ ಬಂದರೂ ಅರೇ ನೋಡಿ ಭಾಗಿಸು, ಉಳಿದದ್ದಕ್ಕೆ ಮತ್ತೆ ಅರೇ ನೋಡು, 1 ಬರುವ ತನಕ. ಒಂದು ಕೋಟಿಯೊಳಗಿನ ಯಾವ ಸಂಖ್ಯೆಗೂ 23ಕ್ಕಿಂತ ಹೆಚ್ಚು ಹೆಜ್ಜೆ ಆಗುವುದಿಲ್ಲ. ಸಿ++ನಲ್ಲಿ ಈ ಅರೇಗೆ 40 ಎಂಬಿ. ಪೈಥಾನ್‌ನ ಸಾದಾ ಲಿಸ್ಟ್‌ನಲ್ಲಿ ಬರೀ ವಿಳಾಸಗಳಿಗೇ 80 ಎಂಬಿ, ಪೂರ್ಣಾಂಕಗಳಿಗೆ ಇನ್ನಷ್ಟು, ಹಾಗಾಗಿ ಅಲ್ಲಿ ಅರೇಗಳಿಗೆಂದೇ ಇರುವ ನಂಪೈ ಲೈಬ್ರರಿ ಬಳಸುವುದು ಒಳ್ಳೆಯದು. ಈ ದಾರಿಯ ಅಪಾಯ ಮೆಮೊರಿಯೇ, ಮಿತಿ 10^9 ಎಂದು ಪ್ರಶ್ನೆಯಲ್ಲಿದ್ದರೆ ಇದನ್ನು ಮುಟ್ಟಬೇಡಿ.

ಸಂಖ್ಯೆಗಳು 10^12ರವರೆಗೆ ಇದ್ದು ಸಾವಿರದಷ್ಟು ಬಂದರೆ ನಡುದಾರಿ ಇದೆ. ಹತ್ತು ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳು 78,498. ಅವನ್ನು ಒಮ್ಮೆ ಜರಡಿಯಿಂದ ತೆಗೆದಿಟ್ಟು, ಮೇಲಿನ ಕೋಡ್‌ನಲ್ಲಿ ಭಾಜಕ ಅವುಗಳ ಮೇಲೆ ಮಾತ್ರ ಹೋಗುವಂತೆ ಮಾಡಿ. ನಿಲ್ಲುವ ಷರತ್ತು, ಉಳಿದದ್ದನ್ನು ಸೇರಿಸುವ ಸಾಲು, ಎರಡೂ ಹಾಗೆಯೇ ಇರಲಿ.

10^18ಕ್ಕೆ ಬೇಕಾಗುವುದು ಬೇರೆಯದೇ ಉಪಾಯ: ಜಾನ್ ಪೊಲಾರ್ಡ್ 1975ರಲ್ಲಿ ಕೊಟ್ಟ ರೋ ವಿಧಾನ. ಇದು ಭಾಜಕಗಳನ್ನು ಒಂದೊಂದಾಗಿ ನೋಡುವುದಿಲ್ಲ. ಒಂದು ಸಂಖ್ಯೆಯಿಂದ ಶುರು ಮಾಡಿ, ಪ್ರತಿ ಸಲವೂ ಅದರ ವರ್ಗಕ್ಕೆ ಒಂದು ಸ್ಥಿರಾಂಕ ಕೂಡಿಸಿ, ಒಡೆಯಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೆದುಕೊಳ್ಳುತ್ತಾ ಹೋಗುತ್ತದೆ. ಆ ಸಂಖ್ಯೆಯೊಳಗೆ ಅಡಗಿರುವ ಅವಿಭಾಜ್ಯ ಅಪವರ್ತನದ ದೃಷ್ಟಿಯಿಂದ ನೋಡಿದರೆ ಈ ಸರಣಿ ಅದರ ವರ್ಗಮೂಲದಷ್ಟು ಹೆಜ್ಜೆಗಳಲ್ಲೇ ಸುತ್ತಿ ಬಂದಲ್ಲಿಗೇ ಬರುತ್ತದೆ. ನಿಧಾನವಾಗಿ ಒಂದು ಹೆಜ್ಜೆ, ವೇಗವಾಗಿ ಎರಡು ಹೆಜ್ಜೆ ಹಾಕುವ ಎರಡು ಬೆಲೆಗಳನ್ನು ಇಟ್ಟುಕೊಂಡು, ಅವುಗಳ ವ್ಯತ್ಯಾಸಕ್ಕೂ ಮೂಲ ಸಂಖ್ಯೆಗೂ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆದರೆ ಆ ಅಪವರ್ತನ ಸಿಕ್ಕಿಬೀಳುತ್ತದೆ. 10^18ರ ಸಂಖ್ಯೆಯಲ್ಲಿ ಚಿಕ್ಕ ಅಪವರ್ತನ 10^9ರ ಆಸುಪಾಸಿನಲ್ಲಿದ್ದರೂ ಹೆಜ್ಜೆಗಳು ಹತ್ತಾರು ಸಾವಿರ ಮಾತ್ರ.

ಇದರಲ್ಲಿ ಕೈ ಸುಡುವ ಜಾಗಗಳು ಹಲವು. ಕೊಟ್ಟ ಸಂಖ್ಯೆ ಅವಿಭಾಜ್ಯವೇ ಆಗಿದ್ದರೆ ರೋ ವಿಧಾನಕ್ಕೆ ಸಿಗುವುದೇನೂ ಇಲ್ಲ, ಮತ್ತೆ ಮತ್ತೆ ಪ್ರಯತ್ನಿಸುವಂತೆ ಬರೆದಿದ್ದರೆ ಅನಂತವಾಗಿ ತಿರುಗುತ್ತದೆ. ಹಾಗಾಗಿ ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ಹೇಳುವ ಮಿಲ್ಲರ್-ರಾಬಿನ್ ಪರೀಕ್ಷೆಯನ್ನು ಮೊದಲು ಮಾಡಲೇಬೇಕು. 64 ಬಿಟ್‌ನೊಳಗಿನ ಸಂಖ್ಯೆಗಳಿಗೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಬಳಸಿದರೆ ಆ ಪರೀಕ್ಷೆಯ ಉತ್ತರ ಖಚಿತ, ಅಂದಾಜಲ್ಲ. ಅದರ ಬದಲು ಸರಳವಾದ ಫರ್ಮಾ ಪರೀಕ್ಷೆ ಇಟ್ಟುಕೊಂಡರೆ 561ರಂಥ ಸಂಖ್ಯೆ (3 × 11 × 17) ಅವಿಭಾಜ್ಯದ ವೇಷದಲ್ಲಿ ನುಸುಳುತ್ತದೆ. ಮ.ಸಾ.ಅ. ಮೂಲ ಸಂಖ್ಯೆಯೇ ಬಂದರೆ ಆ ಯತ್ನ ವಿಫಲವಾಯಿತೆಂದು ಅರ್ಥ, ಸ್ಥಿರಾಂಕ ಬದಲಿಸಿ ಮತ್ತೆ ಶುರು ಮಾಡಬೇಕು. ಸ್ಥಿರಾಂಕವಾಗಿ 0 ಮತ್ತು -2 ಬೇಡ. ಚಿಕ್ಕ ಅಪವರ್ತನಗಳನ್ನು, ಮುಖ್ಯವಾಗಿ 2ನ್ನು, ಮೊದಲೇ ಭಾಗಿಸಿ ತೆಗೆದುಬಿಡಿ. ಸಿ++ನಲ್ಲಿ ಎರಡು 64 ಬಿಟ್ ಸಂಖ್ಯೆಗಳ ಗುಣಲಬ್ಧ 128 ಬಿಟ್ ಆಗುತ್ತದೆ, ಜಿಸಿಸಿ ಕಂಪೈಲರ್‌ನ 128 ಬಿಟ್ ಇಂಟ್ ಬಳಸದಿದ್ದರೆ ಉತ್ತರ ಮೌನವಾಗಿ ಕೆಡುತ್ತದೆ. ಪ್ರತಿ ಹೆಜ್ಜೆಗೂ ಮ.ಸಾ.ಅ. ತೆಗೆಯುವುದು ದುಬಾರಿ, ನೂರರಷ್ಟು ವ್ಯತ್ಯಾಸಗಳನ್ನು ಗುಣಿಸುತ್ತಾ ಹೋಗಿ ಒಮ್ಮೆ ತೆಗೆದರೆ ಸಾಕು. ಇವೆಲ್ಲ ಇರುವುದರಿಂದ, 10^12ರೊಳಗಿನ ಕೆಲಸಕ್ಕೆ ರೋ ಬರೆಯುವುದನ್ನು ನಾನು ಬೇಡವೆಂದೇ ಹೇಳುತ್ತೇನೆ. ಎಂಟು ಸಾಲಿನ ಕೋಡ್‌ನಲ್ಲಿ ತಪ್ಪು ಅಡಗಲು ಜಾಗ ಕಡಿಮೆ.

ಹಾಗಾದರೆ ಆರ್‌ಎಸ್‌ಎ?

ನಿಮ್ಮ ಪುಸ್ತಕ ಹೇಳುವುದು ನಿಜ, ಅಳತೆ ಮಾತ್ರ ಬೇರೆ. ನೀವು ಒಡೆಯುತ್ತಿರುವುದು 12 ಅಂಕಿಯ ಸಂಖ್ಯೆ. ಈಗ ಬಳಕೆಯಲ್ಲಿರುವ 2048 ಬಿಟ್‌ನ ಆರ್‌ಎಸ್‌ಎ ಕೀಲಿ 617 ಅಂಕಿಯದು. ಅದು ತಲಾ 308 ಅಂಕಿಗಳ ಆಸುಪಾಸಿನ ಎರಡೇ ಅವಿಭಾಜ್ಯಗಳ ಗುಣಲಬ್ಧ, ಅಂದರೆ ಭಾಗಿಸುವ ವಿಧಾನಕ್ಕೆ ಅತಿ ಕೆಟ್ಟದಾದ ಆಕಾರವನ್ನೇ ಬೇಕೆಂದು ಆರಿಸಿರುತ್ತಾರೆ. ರೋ ವಿಧಾನವೂ ಅಲ್ಲಿ ಲೆಕ್ಕಕ್ಕಿಲ್ಲ. ಸವಾಲಿಗೆಂದು ಪ್ರಕಟಿಸಿದ್ದ 250 ಅಂಕಿಯ ಆರ್‌ಎಸ್‌ಎ-250 ಒಡೆದದ್ದು 2020ರ ಫೆಬ್ರವರಿಯಲ್ಲಿ, ನಂಬರ್ ಫೀಲ್ಡ್ ಸೀವ್ ಎಂಬ ವಿಧಾನದಿಂದ, ಅಪಾರ ಸಂಖ್ಯೆಯ ಕಂಪ್ಯೂಟರ್‌ಗಳನ್ನು ಹಚ್ಚಿ.

ಇದರ ಜೊತೆಗೆ ಇನ್ನೊಂದು ಗೊಂದಲವನ್ನು ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಬಹುಪದೀಯ ಸಮಯದಲ್ಲಿ (ಅಂಕಿಗಳು ಹೆಚ್ಚಿದರೂ ಕೆಲಸ ಸ್ಫೋಟಿಸದೆ, ಅಂಕಿಗಳ ಸಂಖ್ಯೆಯ ಒಂದು ಸ್ಥಿರ ಘಾತದಷ್ಟರಲ್ಲೇ) ಖಚಿತವಾಗಿ ಹೇಳುವ ವಿಧಾನ ಕೊಟ್ಟರು. ದೊಡ್ಡ ಸಾಧನೆ. ಅದರಿಂದ ಅಪವರ್ತನ ಸುಲಭವಾಯಿತೆಂದು ಅರ್ಥವಲ್ಲ. ಅವಿಭಾಜ್ಯವಲ್ಲ ಎಂದು ತಿಳಿಯುವುದೇ ಬೇರೆ, ಯಾವುದರಿಂದ ಭಾಗವಾಗುತ್ತದೆ ಎಂದು ತಿಳಿಯುವುದೇ ಬೇರೆ. ಮಿಲ್ಲರ್-ರಾಬಿನ್ ಕೂಡ 617 ಅಂಕಿಯ ಸಂಖ್ಯೆಯನ್ನು ನೋಡಿ ಕ್ಷಣದಲ್ಲಿ "ಇದು ಅವಿಭಾಜ್ಯವಲ್ಲ" ಎನ್ನುತ್ತದೆ, ಒಂದು ಅಪವರ್ತನವನ್ನೂ ತೋರಿಸದೆ.

ಸಲ್ಲಿಸುವ ಮುನ್ನ ಪರೀಕ್ಷಿಸಿ

ಬರೆದ ಕೋಡ್‌ಗೆ ಈ ಸಂಖ್ಯೆಗಳನ್ನು ಕೊಡಿ. 1 ಕೊಟ್ಟರೆ ಪಟ್ಟಿ ಖಾಲಿ ಬರಬೇಕು. ಅತಿ ದೊಡ್ಡದು ಯಾವುದೆಂದು ಪಟ್ಟಿಯ ಕೊನೆಯದನ್ನು ತೆಗೆಯುವ ಸಾಲು ಇದ್ದರೆ ಅದು ಇಲ್ಲಿ ದೋಷ ತೋರಿಸುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಮಾಡಿ. 8ಕ್ಕೆ 2, 2, 2 ಬರಬೇಕು. ಒಳಗಿನ "ಇರುವ ತನಕ" ಎಂಬಲ್ಲಿ "ಆದರೆ" ಎಂದು ಬರೆದಿದ್ದರೆ 2, 4 ಎಂದು ಬರುತ್ತದೆ. 49ಕ್ಕೆ 7, 7. ಹೊರಗಿನ ಷರತ್ತಿನಲ್ಲಿ ಸಮ ಚಿಹ್ನೆ ಬಿಟ್ಟುಹೋಗಿದ್ದರೆ 49ನ್ನೇ ಅವಿಭಾಜ್ಯ ಎನ್ನುತ್ತದೆ. 14ಕ್ಕೆ 2, 7. ಕೊನೆಯ ಸಾಲು ಮರೆತಿದ್ದರೆ 7 ಕಾಣೆ. 2147483647 ಅವಿಭಾಜ್ಯ, ಭಾಜಕ ಇಂಟ್ ಆಗಿದ್ದು ಗುಣಾಕಾರವೂ ಇಂಟ್‌ನಲ್ಲಿ ನಡೆದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. 999966000289ಕ್ಕೆ 999983 ಎರಡು ಸಲ ಬರಬೇಕು, ವೇಗವನ್ನೂ ವರ್ಗಸಂಖ್ಯೆಯನ್ನೂ ಒಟ್ಟಿಗೇ ಪರೀಕ್ಷಿಸಲು ಇದು ಅನುಕೂಲ. ರೋ ಬರೆದಿದ್ದರೆ 998244359987710471 ಕೊಡಿ, ಅದು 998244353 ಮತ್ತು 1000000007 ಎಂದು ಒಡೆಯಬೇಕು.

ಇದರ ಮೇಲೆ 2ರಿಂದ ಒಂದು ಲಕ್ಷದವರೆಗೆ ಎಲ್ಲವನ್ನೂ ಒಂದು ಲೂಪ್‌ನಲ್ಲಿ ಓಡಿಸಿ, ಪಟ್ಟಿಯ ಸಂಖ್ಯೆಗಳನ್ನು ಗುಣಿಸಿದರೆ ಮೂಲ ಸಂಖ್ಯೆ ಬರುತ್ತದೆಯೇ, ಪಟ್ಟಿಯಲ್ಲಿರುವುದು ಪ್ರತಿಯೊಂದೂ ಅವಿಭಾಜ್ಯವೇ ಎಂದು ನೋಡಿ. ಬೇಡವೆಂದ ನಿಮ್ಮ ಆ ಹಳೆಯ ಪ್ರೈಮ್ ಫಂಕ್ಷನ್ ಈ ಜಾಗದಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ದೊಡ್ಡ ಸಂಖ್ಯೆಗಳ ಉತ್ತರ ತಾಳೆ ನೋಡಲು ಲಿನಕ್ಸ್ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಎಂಬ ಕಮಾಂಡ್ ಇದೆ, ಮುಂದೆ ಸಂಖ್ಯೆ ಬರೆದು ಎಂಟರ್ ಒತ್ತಿದರೆ ಅಪವರ್ತನಗಳನ್ನು ಸಾಲಾಗಿ ಕೊಡುತ್ತದೆ. ಪೈಥಾನ್‌ನಲ್ಲಾದರೆ ಸಿಂಪೈ ಲೈಬ್ರರಿಯ ಫ್ಯಾಕ್ಟರ್‌ಇಂಟ್ ಫಂಕ್ಷನ್ ಯಾವ ಅಪವರ್ತನ ಎಷ್ಟು ಸಲ ಎಂಬುದನ್ನು ಡಿಕ್ಷನರಿಯಾಗಿ ಕೊಡುತ್ತದೆ. ಎರಡನ್ನೂ ತಾಳೆ ನೋಡಲು ಬಳಸಿ, ಕೋಡ್ ಮಾತ್ರ ನಿಮ್ಮದೇ ಇರಲಿ.